ಮುಟ್ಟು ನಿಂತಿದ್ದಲ್ಲ, ನಿಲ್ಲಿಸಿದ್ದು



ನಮ್ಮ ಲಕ್ಷ್ಮೇಶ್ವರದ ಕೇರಿಯಲ್ಲಿ ಹೆಣ್ಮಕ್ಕಳು ಕಟ್ಟೆಗೆ ಕೂತರೆ ಒಂದು ಮಾತು ಬಂದೇ ಬರುತ್ತದೆ: "ಯವ್ವಾ, ನಿನ್ನ ಚೀಲಾನೂ ತಗದಾರೇನು?" ಚೀಲ ಅಂದ್ರೆ ಗರ್ಭಕೋಶ. ನಮ್ಮವ್ವನದು ತೆಗೆದಾಗ ಅವಳಿಗೆ ಬರೀ 33. ಬಿಳಿಮುಟ್ಟು, ಹೊಟ್ಟೆನೋವು ಅಂತ ಹೋಗಿದ್ದಳು. "ಹಂಗ ಬಿಟ್ರ ಕ್ಯಾನ್ಸರ್ ಆಗತೈತಿ" ಅಂದರಂತೆ. ಬಡ್ಡಿಗೆ ಸಾಲ ತಂದೆವು. ಆಮೇಲೆ ಮೈ ಧಗಧಗ, ರಾತ್ರಿಯೆಲ್ಲ ಬೆವರು, ನಿದ್ದೆಯಿಲ್ಲ, ಸೊಂಟನೋವು. ಕಳೆ ತೆಗೆಯೋ ಕೂಲಿಯೂ ತಪ್ಪಿತು. ಅದಕ್ಕೊಂದು ಹೆಸರಿದೆ ಅಂತ ನಮಗ್ಯಾರೂ ಹೇಳಲಿಲ್ಲ.

ಹೆಸರು ಹಳೆಯದೇ. 1821ರಲ್ಲಿ ಫ್ರಾನ್ಸಿನ ವೈದ್ಯ ಗಾರ್ದಾನ್ 'ಮೆನೋಪಾಸ್' ಅಂತ ಬರೆದ. ಸಹಜವಾಗಿ ಮುಟ್ಟು ನಿಲ್ಲೋದು ಹೆಚ್ಚಾಗಿ 45ರಿಂದ 55ರೊಳಗೆ. ಅದು ರೋಗವಲ್ಲ. ಅಂಡಾಶಯದಲ್ಲಿ ಈಸ್ಟ್ರೋಜನ್ ಕಡಿಮೆಯಾಗುತ್ತಾ ಬರುತ್ತದೆ, ಮೈ ಮೆಲ್ಲಗೆ ಹೊಂದಿಕೊಳ್ಳುತ್ತದೆ. ಆದರೆ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದರೆ ವರ್ಷಗಳ ಬದಲಾವಣೆ ಒಂದೇ ದಿನಕ್ಕೆ ಬಂದು ಬೀಳುತ್ತದೆ. ಚಿಕ್ಕ ವಯಸ್ಸಿನಲ್ಲಾದರೆ ಮೂಳೆ ಸವೆತ, ಹೃದಯದ ಕಾಯಿಲೆಯ ಅಪಾಯ ಹೆಚ್ಚು. ಅಂಡಾಶಯ ಉಳಿಸಿದರೂ ಕೆಲವರಿಗೆ ಮೆನೋಪಾಸ್ ಬೇಗ ಬರುತ್ತದೆ.

ಇದು ನಮ್ಮವ್ವ ಒಬ್ಬಳ ಕಥೆಯಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆದ ದೂರು 2015ರಲ್ಲಿ ಕಲಬುರಗಿಯಲ್ಲಿ ಹೊರಬಂತು. ಹೆಚ್ಚಿನವರು ಲಂಬಾಣಿ, ದಲಿತ ಹೆಣ್ಮಕ್ಕಳು. 2017ರಲ್ಲಿ ಅವರೇ ಬೀದಿಗಿಳಿದು ನ್ಯಾಯ ಕೇಳಿದರು. 1997ರವರೆಗೆ ನಮ್ಮ ಜೊತೆ ಒಂದೇ ಧಾರವಾಡ ಜಿಲ್ಲೆಯಲ್ಲಿದ್ದ ರಾಣೆಬೆನ್ನೂರಿನ ತಾಂಡಾಗಳಿಂದಲೂ ಇದೇ ಕೂಗು ಎದ್ದಿತು. ಕೊನೆಗೆ 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು.

1928ರಲ್ಲಿ ಬಾಬಾಸಾಹೇಬರು ಮುಂಬೈ ಶಾಸನ ಸಭೆಯಲ್ಲಿ ದುಡಿಯೋ ಹೆಣ್ಮಕ್ಕಳ ಹೆರಿಗೆ ಸೌಲಭ್ಯದ ಮಸೂದೆ ಪರ ನಿಂತರು. ಹೆರೋ ಮೈಗೆ ಹಕ್ಕಿದೆ ಅಂದಮೇಲೆ, ಹೆತ್ತು ಮುಗಿಸಿದ ಮೈಗೆ ಇಲ್ಲವೇ? "ಮಕ್ಕಳಾಗ್ಯಾವಲ್ಲ, ಇನ್ಯಾಕ ಬೇಕು ಚೀಲ" ಅನ್ನೋ ಮಾತು ಬಡವರ, ಕೆಳಜಾತಿಯವರ ಮುಂದೆ ಎಷ್ಟು ಸಲೀಸಾಗಿ ಬರುತ್ತದೆ ನೋಡಿ!

ಅಕ್ಕಂದಿರೇ, ಸಹಿ ಹಾಕೋ ಮುಂಚೆ ಕೇಳಿ: ಔಷಧಿಯಲ್ಲಿ ವಾಸಿಯಾಗಲ್ವಾ? ಅಂಡಾಶಯ ತೆಗೀತೀರಾ, ಉಳಿಸ್ತೀರಾ? ಇನ್ನೊಬ್ಬ ಡಾಕ್ಟರಿಗೂ ತೋರಿಸಿ. ಈಗಾಗಲೇ ತೆಗೆಸಿಕೊಂಡವರು ಮೂಳೆ, ಬಿಪಿ ಪರೀಕ್ಷೆ ಮಾಡಿಸಿ. ಮಾರ್ಗಸೂಚಿ ಪ್ರಕಾರ ಜಿಲ್ಲೆಗೊಂದು ಉಸ್ತುವಾರಿ ಸಮಿತಿ ಇರಬೇಕು. ಗದಗಿನ ಸಮಿತಿ ಎಷ್ಟು ಸಲ ಸೇರಿದೆ? ಬನ್ನಿ, ಆರ್‌ಟಿಐ ಹಾಕಿ ಕೇಳೋಣ.

ನಮ್ಮವ್ವ ಆಗ ಕೇಳಲಿಲ್ಲ. ಕೇಳಬಹುದು ಅಂತಲೇ ಅವಳಿಗೆ ಗೊತ್ತಿರಲಿಲ್ಲ.

ಜೈ ಭೀಮ್.