ಇಪ್ಪತ್ತು ಕಾಸಿನ ಆನೆ

ಮೊನ್ನೆ ಶನಿವಾರ ಶಿವಾಜಿನಗರದ ರಸೆಲ್ ಮಾರ್ಕೆಟ್ ಹತ್ತಿರ ಹಳೇ ನಾಣ್ಯ ಹರಡಿಕೊಂಡು ಕೂತಿದ್ದ ಸಾಬರೊಬ್ಬರು ಸಿಕ್ಕರು. ಚೌಕಾಸಿ ಮಾಡಿ ಎರಡು ನಾಣ್ಯ ತಂದೆ. ಆಫೀಸಿನಲ್ಲಿ ತೋರಿಸಿದರೆ "ಗುಜರಿ ಸಾಮಾನು" ಅಂದ್ರು. ಇರಲಿ ಬಿಡಿ.

ಮೊದಲನೆಯದು ತಾಮ್ರದ್ದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಒಂದು ಕಡೆ ಆನೆ, ಮೇಲೆ 'ಶ್ರೀ', ಜೊತೆಗೆ ಸೂರ್ಯ ಚಂದ್ರ. ಟಿಪ್ಪುವಿನ ತಾಮ್ರದ ನಾಣ್ಯಗಳಲ್ಲೂ ಆನೆಯೇ ಇತ್ತು. 1799ರಲ್ಲಿ ದೊರೆ ಬದಲಾದರೂ ಆನೆ ಜಾಗ ಬಿಡಲಿಲ್ಲ ನೋಡಿ! ಹಿಂದಿನ ಕಡೆ ಕನ್ನಡದಲ್ಲಿ 'ಮಯಿಲಿ ಕಾಸು' ಇಪ್ಪತ್ತು ಅಂತಿದೆ. ಅದರ ಜೊತೆಗೇ ಇಂಗ್ಲಿಷ್ ಅಕ್ಷರದಲ್ಲಿ ಇಪ್ಪತ್ತು ಕ್ಯಾಶ್.

ಈ ಇಂಗ್ಲಿಷ್ ಯಾಕೆ ಅಂತ ತಲೆ ಕೆರೆದುಕೊಂಡೆ. ಕಂಪನಿ ಸರ್ಕಾರ 1803ರಲ್ಲೇ ಮದ್ರಾಸಿಗೆ ಅಂತ ಇಂಗ್ಲೆಂಡಿನಲ್ಲಿ ಇಪ್ಪತ್ತು ಕ್ಯಾಶಿನ ನಾಣ್ಯ ಟಂಕಿಸಿತ್ತು. 1809ರ ಹೊತ್ತಿಗೆ ನಮ್ಮ ಹಲಸೂರಿನ ಪಕ್ಕ ದಂಡು ಬಂದು ಕೂತಿತು, ಅದೂ ಮದ್ರಾಸ್ ಸೈನ್ಯದ್ದು. ದಂಡಿನ ಸಿಪಾಯಿಗೂ ಪೇಟೆಯ ಅಂಗಡಿಯವನಿಗೂ ಒಂದೇ ಕಾಸು ಅರ್ಥವಾಗಬೇಕಿತ್ತಲ್ಲ! ಇದು ನನ್ನ ಊಹೆ ಅಷ್ಟೆ.

1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. 1833ರಲ್ಲಿ ಟಂಕಸಾಲೆ ಮೈಸೂರಿನಿಂದ ಬೆಂಗಳೂರಿಗೆ ಬಂತು. 1835ರಲ್ಲಿ ಕಂಪನಿಯ ಪ್ರಾಂತ್ಯಗಳಿಗೆಲ್ಲ ಒಂದೇ ರೂಪಾಯಿ ಅಂತ ಕಾನೂನಾಯ್ತು. 1843ರಲ್ಲಿ ನಮ್ಮ ಟಂಕಸಾಲೆಗೆ ಬೀಗ. ಮೈಸೂರಿನಿಂದ ಬಂದ ಆ ಟಂಕಸಾಲೆ ಊರಲ್ಲಿ ಇದ್ದದ್ದು ಬರೀ ಹತ್ತು ವರ್ಷ.

ನನಗೆ ಹೊಟ್ಟೆ ಉರಿದದ್ದು ಮುಂದಿನದಕ್ಕೆ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟರಲ್ಲ, ಆ ಪತ್ರದಲ್ಲೇ ಒಂದು ಷರತ್ತು: ಮೈಸೂರಿನ ಪ್ರತ್ಯೇಕ ನಾಣ್ಯ ನಿಂತುಹೋಗಿ ಬಹಳ ಕಾಲವಾಗಿದೆ, ಅದನ್ನು ಮತ್ತೆ ಶುರುಮಾಡುವ ಹಾಗಿಲ್ಲ! ಕಂಟೋನ್ಮೆಂಟನ್ನೂ ತಮ್ಮ ಕೈಯಲ್ಲೇ ಇಟ್ಟುಕೊಂಡರು, 1947ರವರೆಗೆ. ಅದೇ ಕಾಲದಲ್ಲಿ ಹೈದರಾಬಾದಿನ ನಿಜಾಮರು ತಮ್ಮದೇ ರೂಪಾಯಿ ಟಂಕಿಸುತ್ತಿದ್ದರು. ನಮಗೆ ಮಾತ್ರ ಅದಿಲ್ಲ.

ಎರಡನೇ ನಾಣ್ಯ 2006ರ ಐದು ರೂಪಾಯಿ, ಬಸವಣ್ಣನವರ ಸ್ಮರಣೆಗೆ ಭಾರತ ಸರ್ಕಾರ ತಂದದ್ದು. ಮುಖದ ಸುತ್ತ ಹೆಸರು ಹಿಂದಿಯಲ್ಲಿದೆ, ಇಂಗ್ಲಿಷಿನಲ್ಲಿದೆ. ಕನ್ನಡ? ಭೂತಗನ್ನಡಿ ಹಿಡಿದು ಹುಡುಕಿದೆ, ಇಲ್ಲ. ಕೇಂದ್ರದ ನಾಣ್ಯಗಳ ಪದ್ಧತಿಯೇ ಹಾಗೆ, ಗೊತ್ತು. ಆದರೂ ವಚನಕಾರನ ನಾಣ್ಯದಲ್ಲಿ...

ಈಗ ಎರಡನ್ನೂ ಮಾನಿಟರಿನ ಕೆಳಗೆ ಅಕ್ಕಪಕ್ಕ ಇಟ್ಟಿದ್ದೇನೆ. ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಆನೆ ಕಾಸು ಇದ್ದರೆ ಫೋಟೋ ಹಾಕಿ ಮಾರಾಯ್ರೆ. ಹುಣಸೆಹಣ್ಣು ಹಾಕಿ ಮಾತ್ರ ಉಜ್ಜಬೇಡಿ, ಅಕ್ಷರ ಸವೆದುಹೋಗುತ್ತೆ.