ಮೋರ್ಯರ ಗುಡ್ಡದಲ್ಲಿ ಒಂದು ಸಂಕ್ರಮಣ

ನನ್ನಲ್ಲಿ ಓದಿದವರ ಮುಂದೆ ನಾನೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಇತಿಹಾಸದ ತರಗತಿಯಲ್ಲಿ ಬೃಹತ್ ಶಿಲಾ ಸಂಸ್ಕೃತಿಯ ಪ್ರಸ್ತಾಪ ಬಂದಾಗಲೆಲ್ಲ, ಆ ಕಲ್ಲಿನ ವೃತ್ತಗಳು ಪ್ರಾಚೀನರು ಸಂಕ್ರಮಣದಂದು ಸೂರ್ಯನನ್ನು ಪೂಜಿಸುತ್ತಿದ್ದ ಬಯಲು ಗುಡಿಗಳೆಂದು ಬರೆಸಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ. ಅಂಥ ಒಂದು ಕಲ್ಲನ್ನೂ ಆಗ ನಾನು ಕಣ್ಣಾರೆ ಕಂಡವನಲ್ಲ.

ನಿವೃತ್ತಿಯ ನಂತರ ಒಂದು ಮಕರ ಸಂಕ್ರಮಣಕ್ಕೆ ಆ ಕೊರತೆಯನ್ನು ನೀಗಿಕೊಳ್ಳುವ ಮನಸ್ಸಾಯಿತು. ದೇಸೂರಿನಿಂದ ಹೊರಟು ಹುಬ್ಬಳ್ಳಿ, ಗದಗ, ಕೊಪ್ಪಳಗಳನ್ನು ದಾಟಿ, ರಾತ್ರಿ ಗಂಗಾವತಿಯಲ್ಲಿ ತಂಗಿ, ನಸುಕಿನಲ್ಲಿ ಹಿರೇಬೆಣಕಲ್ಲಿನ ಗುಡ್ಡ ಹತ್ತಿದೆವು. ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಕುಸುರೆಳ್ಳುಗಳ ಬುತ್ತಿ ಜೊತೆಗಿತ್ತು. ಹಬ್ಬದ ಸೂರ್ಯೋದಯವನ್ನು ಆ ಕಲ್ಲುಗಳ ನಡುವೆ ನಿಂತು ನೋಡಬೇಕೆಂಬುದು ನನ್ನ ಹಂಬಲ.

ಆ ಸ್ಥಳವನ್ನು ಜನರು ಮೋರ್ಯರ ಗುಡ್ಡವೆನ್ನುತ್ತಾರೆ. ಮೋರ್ಯರೆಂಬ ಕುಳ್ಳ ಜನರು ಇಲ್ಲಿ ವಾಸವಾಗಿದ್ದರೆಂಬುದು ಅವರ ನಂಬಿಕೆ. ಸುಮಾರು 400 ಶಿಲಾ ರಚನೆಗಳು ಅಲ್ಲಿವೆ, ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವಿನವೆಂದು ವಿದ್ವಾಂಸರ ಅಂದಾಜು. 2021ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಆಳೆತ್ತರವನ್ನೂ ಮೀರಿದ ಹಾಸುಗಲ್ಲುಗಳನ್ನು ಗೋಡೆಗಳಂತೆ ನಿಲ್ಲಿಸಿ, ಮೇಲೊಂದು ಬಂಡೆಯನ್ನು ಮುಚ್ಚಿ ಕಟ್ಟಿದ ಕಲ್ಮನೆಗಳು. ಕೆಲವಕ್ಕೆ ಸುತ್ತಲೂ ಕಲ್ಲಿನ ವೃತ್ತ. ಬಂಡೆಯೊಂದರ ನೆತ್ತಿಯ ಮೇಲೆ ಕಲ್ಲಿನ ನಗಾರಿ. ಬಡಿದರೆ ಅದರ ಸದ್ದು ದೂರದವರೆಗೆ ಕೇಳುತ್ತದೆ.

ಸೂರ್ಯ ಮೂಡಿದ. ನಾನು ಕೈಮುಗಿದು ನಿಂತಿದ್ದೆ. ಮೊಮ್ಮಗಳು ಮಾತ್ರ ಒಂದು ಕಲ್ಮನೆಯ ಮುಂದೆ ಕುಳಿತು ಅದರ ದುಂಡನೆಯ ಕಿಂಡಿಯಲ್ಲಿ ಇಣುಕುತ್ತಿದ್ದಳು. “ಅಜ್ಜಾ, ಗುಡಿ ಅಂದಿ. ಬಾಗಲಾ ಇಷ್ಟ್ ಸಣ್ಣದಿದ್ರ ಪೂಜಾ ಮಾಡಾಕ ಒಳಗ ಹ್ಯಾಂಗ ಹೋಗತಿದ್ರು?” ಎಂದಳು.

ವರ್ಷಗಟ್ಟಲೆ ಬರೆಸಿದ ಟಿಪ್ಪಣಿ ಆ ಒಂದು ಪ್ರಶ್ನೆಗೆ ನಿಲ್ಲಲಿಲ್ಲ.

ಉತ್ತರ ಹೊಸದೇನೂ ಆಗಿರಲಿಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇಂಥ ವೃತ್ತಗಳನ್ನು ಅಗೆಸಿದಾಗ ಮನುಷ್ಯರ ಎಲುಬುಗಳು, ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಉಪಕರಣಗಳು ದೊರೆತಿದ್ದವು. ಧಾರವಾಡದ ಅ. ಸುಂದರ ಅವರು ದಕ್ಷಿಣ ಭಾರತದ ಶಿಲಾಕೋಣೆಗಳನ್ನು ಕುರಿತ ತಮ್ಮ ಗ್ರಂಥವನ್ನು 1975ರಲ್ಲಿಯೇ ಪ್ರಕಟಿಸಿ, ಅವು ಗೋರಿಗಳೆಂದು ವಿವರಿಸಿದ್ದರು. ನಮ್ಮ ಜಿಲ್ಲೆಯ ಕೊಣ್ಣೂರಿನಲ್ಲಿಯೂ ಅಂಥವಿವೆ. ಧಾರವಾಡ ದೇಸೂರಿಗೆ ಎಷ್ಟು ದೂರ! ನಾನು ಹೋಗಿ ಓದಲಿಲ್ಲ, ಅಷ್ಟೆ.

ಹಾಗಾದರೆ ಅವರಿಗೆ ಸೂರ್ಯನ ಗೊಡವೆಯೇ ಇರಲಿಲ್ಲವೇ? ಇದ್ದಿರಬಹುದು. ಶಿವಮೊಗ್ಗ ಜಿಲ್ಲೆಯ ಬೈಸೆ, ನಿಲಸ್ಕಲ್‌ಗಳ ನಿಲುಗಲ್ಲುಗಳನ್ನು ಅಳೆದ ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮೊದಲಾದವರು, ಕೆಲವು ಕಲ್ಲುಗಳ ಜೋಡಿಗಳು ಅಯನ ಬದಲಾಗುವ ದಿನಗಳ ಉದಯಾಸ್ತಗಳ ದಿಕ್ಕಿಗೆ ಹೊಂದುತ್ತವೆಂದು ತೋರಿಸಿದ್ದಾರೆ. ಆದರೆ ಆ ದಿನ ನಮ್ಮ ಸಂಕ್ರಮಣವಲ್ಲ. ಡಿಸೆಂಬರ್ 21 ಅಥವಾ 22. ಅಯನಚಲನೆಯಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಹಬ್ಬ ಹಿಂದುಳಿದು ಈಗ ಜನವರಿ 14-15ಕ್ಕೆ ಬಂದಿದೆ. ನಾನು ನೋಡಿದ್ದು ಮೂರು ವಾರ ತಡವಾದ ಸೂರ್ಯೋದಯ!

ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನಲ್ಲಿಯೂ ಪ್ರತಿ ಜೂನ್ ತಿಂಗಳಲ್ಲಿ ಸಾವಿರಾರು ಜನ ಸೇರಿ ಸೂರ್ಯೋದಯವನ್ನು ನೋಡುತ್ತಾರೆ; ಕೆಲವರು ಡ್ರುಯಿಡ್ ಪುರೋಹಿತರ ವೇಷ ಧರಿಸುತ್ತಾರೆ. ಅಲ್ಲಿನ ದೊಡ್ಡ ಕಲ್ಲುಗಳು ನಿಂತದ್ದು ಕ್ರಿ.ಪೂ. 2500ರ ಸುಮಾರಿಗೆ. ಡ್ರುಯಿಡರ ಹೆಸರು ಬರಹದಲ್ಲಿ ಕಾಣಿಸುವುದು ಅದಕ್ಕೆ ಎರಡು ಸಾವಿರ ವರ್ಷಗಳಾದ ಮೇಲೆ. ಅಲ್ಲಿಯೂ ಸುಟ್ಟ ಮಾನವ ಎಲುಬುಗಳು ದೊರೆತಿವೆ. ಉತ್ತರ ಗೊತ್ತಿಲ್ಲದ ಕಡೆ ನಮ್ಮ ಹಬ್ಬವನ್ನು ತುಂಬಿಸುವ ಆಸೆ ಎಲ್ಲ ದೇಶದವರಿಗೂ ಇದೆ.

ಆ ಆಸೆ ಕೆಟ್ಟದ್ದೆಂದು ನಾನು ಹೇಳಲಾರೆ. ಬಾಲ್ಯದಲ್ಲಿ ಬೈಲಹೊಂಗಲ ಸೀಮೆಯ ನಮ್ಮ ತಾಯಿಯ ತವರಿನಲ್ಲಿ, ಶೀಗಿ ಹುಣ್ಣಿಮೆಯಂದು ಹೊಲದ ಬನ್ನಿಯ ಗಿಡದ ಕೆಳಗೆ ಐದು ಕಲ್ಲುಗಳನ್ನಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ ಚರಗ ಚೆಲ್ಲುತ್ತಿದ್ದೆವು. ಅವು ಆ ಹೊಲದ ಕಲ್ಲುಗಳೇ, ಅಜ್ಜ ಆರಿಸಿ ತಂದವು. ಅದನ್ನು ಯಾರೂ ಮುಚ್ಚಿಡುತ್ತಿರಲಿಲ್ಲ. ಪೂಜೆಗೆ ಕಲ್ಲು ಹಳೆಯದಾಗಿರಬೇಕೆಂದಿಲ್ಲ. ಇತಿಹಾಸಕ್ಕೆ ಮಾತ್ರ ಅದು ಯಾರದೆಂದು ವಿಚಾರಿಸಲೇಬೇಕು.

ಅಂದು ನಾವು ಬುತ್ತಿ ಬಿಚ್ಚಿದ್ದು ಕಲ್ಮನೆಗಳಿಂದ ದೂರ, ಗುಡ್ಡದ ಬುಡದಲ್ಲಿ. ಗೋರಿಗಳ ನಡುವೆ ಕುಳಿತು ಉಣ್ಣಲು ಮನಸ್ಸು ಬರಲಿಲ್ಲ.

ನಿಮ್ಮಲ್ಲಿ ಯಾರ ಬಳಿಯಾದರೂ ಆ ಹಳೆಯ ನೋಟುಬುಕ್ಕು ಉಳಿದಿದ್ದರೆ, “ಬಯಲು ಗುಡಿ” ಎಂಬುದನ್ನು ಹೊಡೆದುಹಾಕಿ “ಗೋರಿ” ಎಂದು ಬರೆದುಕೊಳ್ಳಿರಿ. ಕೆಂಪು ಶಾಯಿಯ ಗುರುತು ಈ ಸಲ ಗುರುಗಳ ಹೆಸರಿಗೆ ಸೇರಲಿ.