ನೇಯ್ಗೆ ಯಂತ್ರಗಳಲ್ಲಿ ನೂಲಿನ ಬಿಗಿತದ ನಿಯಂತ್ರಣ

ಮಗ್ಗದಲ್ಲಿ ಉದ್ದಕ್ಕೆ ಹೂಡಿದ ಹಾಸಿನ ಎಳೆಗಳನ್ನೂ ಅಡ್ಡಕ್ಕೆ ಸೇರಿಸುವ ಹೊಕ್ಕಿನ ಎಳೆಯನ್ನೂ ನೇಯ್ಗೆಯ ಉದ್ದಕ್ಕೂ ಬೇಕಾದಷ್ಟೇ ಬಿಗಿಯಲ್ಲಿ ಇರಿಸುವ ಕ್ರಮಗಳಿಗೆ ಬಿಗಿತ ನಿಯಂತ್ರಣ ಎನ್ನುತ್ತಾರೆ. ಬಿಗಿತ ಹೆಚ್ಚಾದರೆ ಎಳೆ ಹರಿಯುತ್ತದೆ. ಕಡಿಮೆಯಾದರೆ ಹೊಕ್ಕು ಹಾಯಲು ಮೇಲ್ಸಾಲು ಕೆಳಸಾಲಿನ ಎಳೆಗಳ ನಡುವೆ ಬಿಡುವ ಸಂದಿ, ಅಂದರೆ ಹಾಸಿನ ಬಾಯಿ, ಸರಿಯಾಗಿ ತೆರೆಯುವುದಿಲ್ಲ, ಅಕ್ಕಪಕ್ಕದ ಎಳೆಗಳು ಒಂದಕ್ಕೊಂದು ತೊಡರಿಕೊಳ್ಳುತ್ತವೆ, ಲಾಳಿಯ ದಾರಿಗೆ ಅಡ್ಡ ಬರುತ್ತವೆ. ಎಳೆ ಹರಿಯದಂತೆ ನೋಡಿಕೊಳ್ಳುವುದು ಈ ನಿಯಂತ್ರಣದ ಮೇಲ್ನೋಟದ ಉದ್ದೇಶ. ನೇಯ್ದ ಬಟ್ಟೆ ಮುಗಿದು ಬರಿಯ ಹಾಸು ಆರಂಭವಾಗುವ ಗೆರೆಯನ್ನು, ಅಂದರೆ ನೇಯ್ಗೆಯ ಗಡಿಯನ್ನು, ಕದಲದಂತೆ ಒಂದೇ ಜಾಗದಲ್ಲಿ ನಿಲ್ಲಿಸುವುದು ಅದಕ್ಕಿಂತ ಸೂಕ್ಷ್ಮವಾದ, ಬಟ್ಟೆಯ ಗುಣವನ್ನು ನಿರ್ಧರಿಸುವ ಉದ್ದೇಶ.

ಅಳತೆ

ಬಿಗಿತವನ್ನು ಸೆಂಟಿನ್ಯೂಟನ್‌ಗಳಲ್ಲಿ ಅಳೆಯುತ್ತಾರೆ. ದಪ್ಪ ನೂಲು ಹೆಚ್ಚು ಬಿಗಿತವನ್ನು ತಾಳುವುದರಿಂದ ಹೋಲಿಕೆಗೆ ಅದನ್ನು ನೂಲಿನ ದಪ್ಪದಿಂದ ಭಾಗಿಸಿ, ಒಂದು ಟೆಕ್ಸ್‌ಗೆ ಇಷ್ಟು ಸೆಂಟಿನ್ಯೂಟನ್ ಎಂದು ಹೇಳುವುದು ರೂಢಿ. ಒಂದು ಕಿಲೋಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಇದೆಯೋ ಅದು ಅಷ್ಟು ಟೆಕ್ಸ್. ಹತ್ತಿ ಹಾಸಿಗೆ ಟೆಕ್ಸ್‌ಗೆ ಸುಮಾರು 1 ಸೆಂಟಿನ್ಯೂಟನ್ ಎಂಬುದು ಆರಂಭದ ಅಂದಾಜು. ಬಟ್ಟೆಯ ಒತ್ತು ಮತ್ತು ಯಂತ್ರದ ವೇಗಕ್ಕೆ ತಕ್ಕಂತೆ ಇದು ಬದಲಾಗುತ್ತದೆ. 40ನೇ ನಂಬರಿನ ಹತ್ತಿ ನೂಲು ಸುಮಾರು 15 ಟೆಕ್ಸ್ ಆಗುತ್ತದೆ. ಅಂಥ 3,000 ಎಳೆಗಳ ಹಾಸಿನ ಒಟ್ಟು ಎಳೆತ 450 ನ್ಯೂಟನ್, ಅಂದರೆ ಸುಮಾರು 46 ಕಿಲೋ ತೂಕ ನೇತುಹಾಕಿದಷ್ಟು.

ಒಂಟಿ ಎಳೆಯನ್ನು ಅಳೆಯುವ ಕೈಮಾಪಕದಲ್ಲಿ ಮೂರು ಪುಟ್ಟ ಗಾಲಿಗಳಿರುತ್ತವೆ. ಎಳೆ ಅವುಗಳ ನಡುವೆ ಬಾಗಿ ಸಾಗುವಾಗ ನಡುಗಾಲಿಯ ಮೇಲೆ ಬೀಳುವ ಒತ್ತಡವೇ ಬಿಗಿತದ ಅಳತೆ. ಇಡೀ ಹಾಸಿನ ಬಿಗಿತವನ್ನು ಹಾಸು ಹಾದುಬರುವ ಹಿಂಬದಿಯ ರೋಲರಿಗೆ ಜೋಡಿಸಿದ ಲೋಡ್ ಸೆಲ್ ಎಂಬ ಬಲಮಾಪಕ ತಿಳಿಸುತ್ತದೆ.

ಹಗ್ಗ ಮತ್ತು ತೂಕದ ವ್ಯವಸ್ಥೆ

ಕೈಮಗ್ಗದಲ್ಲಿ ಬಿಗಿತ ನೇಕಾರನ ಕೈ ಅಂದಾಜಿಗೆ ಬಿಟ್ಟದ್ದು. ಒಂದಿಷ್ಟು ನೇಯ್ದ ಮೇಲೆ ಕೆಲಸ ನಿಲ್ಲಿಸಿ, ಹಾಸನ್ನು ಸಡಿಲಿಸಿ, ಬಟ್ಟೆಯನ್ನು ಸುತ್ತಿಕೊಂಡು ಮತ್ತೆ ಬಿಗಿ ಮಾಡಬೇಕು. ಎಡ್ಮಂಡ್ ಕಾರ್ಟ್‌ರೈಟ್ 1785ರಲ್ಲಿ ಪೇಟೆಂಟ್ ಪಡೆದ ಯಂತ್ರಮಗ್ಗ ಹೊಕ್ಕು ಎಸೆಯುವ ಕೆಲಸವನ್ನು ಯಂತ್ರಕ್ಕೆ ವಹಿಸಿತು. ಆದರೆ ಯಂತ್ರ ಎಡೆಬಿಡದೆ ಓಡಬೇಕಾದರೆ ಬಟ್ಟೆ ತಾನಾಗಿ ಸುತ್ತಿಕೊಳ್ಳಬೇಕು, ಹಾಸು ತಾನಾಗಿ ಬಿಚ್ಚಿಕೊಳ್ಳಬೇಕು. 19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಸುತ್ತಮುತ್ತ ವಿಲಿಯಂ ರಾಡ್‌ಕ್ಲಿಫ್ ಮತ್ತು ವಿಲಿಯಂ ಹೊರೊಕ್ಸ್ ಬಟ್ಟೆ ಸುತ್ತುವ ಕ್ರಿಯೆಯನ್ನು ಮಗ್ಗದ ಚಲನೆಗೆ ಜೋಡಿಸಿದರು. ಮ್ಯಾಂಚೆಸ್ಟರಿನ ರಿಚರ್ಡ್ ರಾಬರ್ಟ್ಸ್ 1822ರಲ್ಲಿ ಕಬ್ಬಿಣದ ಮಗ್ಗವನ್ನು ರೂಪಿಸಿದ. ಬ್ಲ್ಯಾಕ್‌ಬರ್ನಿನ ಕೆನ್‌ವರ್ದಿ ಮತ್ತು ಬುಲ್ಲೊ 1840ರ ದಶಕದ ಆರಂಭದಲ್ಲಿ ಮಾಡಿದ ಸುಧಾರಣೆಗಳೊಂದಿಗೆ ಅದು ಲಂಕಾಶೈರ್ ಮಗ್ಗವೆಂದು ಹೆಸರಾಯಿತು. ಭಾರತದ ಸಾಮಾನ್ಯ ವಿದ್ಯುತ್ ಮಗ್ಗಗಳು ಬಹುಮಟ್ಟಿಗೆ ಇದೇ ವಂಶದವು.

ಈ ಮಗ್ಗಗಳಲ್ಲಿ ಹಾಸನ್ನು ಸುತ್ತಿಟ್ಟ ಉರುಳೆಯಾದ ಬೀಮನ್ನು ಯಾವ ಚಕ್ರವೂ ತಿರುಗಿಸುವುದಿಲ್ಲ. ಬೀಮಿನ ತುದಿಯ ಉರುಟು ಭಾಗಕ್ಕೆ ಹಗ್ಗ ಅಥವಾ ಸರಪಣಿ ಸುತ್ತಿ, ಅದರ ಒಂದು ತುದಿಯನ್ನು ಮಗ್ಗದ ಚೌಕಟ್ಟಿಗೆ ಕಟ್ಟಿ, ಇನ್ನೊಂದು ತುದಿಯನ್ನು ತೂಕ ತೂಗಿದ ಸನ್ನೆಗೆ ಸೇರಿಸಿರುತ್ತಾರೆ. ಮುಂದಿನಿಂದ ಬಟ್ಟೆ ಎಳೆಯುವ ಬಲ ಈ ಹಗ್ಗದ ಘರ್ಷಣೆಯನ್ನು ಮೀರಿದಾಗ ಬೀಮು ಅಷ್ಟಿಷ್ಟು ಜಾರಿ ತಿರುಗುತ್ತದೆ. ವ್ಯವಸ್ಥೆ ಅಗ್ಗ, ರಿಪೇರಿ ಸುಲಭ. ಇದರ ದೋಷಗಳು ಎರಡು.

ಮೊದಲನೆಯದು ಬೀಮಿನ ತ್ರಿಜ್ಯಕ್ಕೆ ಸಂಬಂಧಿಸಿದ್ದು. ಹಗ್ಗ ಒಡ್ಡುವ ತಡೆ ಬದಲಾಗದಿದ್ದರೂ ನೂಲು ಖರ್ಚಾದಂತೆ ಹಾಸು ಬಿಚ್ಚಿಕೊಳ್ಳುವ ತ್ರಿಜ್ಯ ಕಿರಿದಾಗುತ್ತದೆ, ಬಿಗಿತ ಅದಕ್ಕೆ ವಿಲೋಮವಾಗಿ ಏರುತ್ತದೆ. ತುಂಬಿದ ಬೀಮಿನ ತ್ರಿಜ್ಯ 30 ಸೆಂಟಿಮೀಟರ್, ಬರಿದಾಗುವ ಹೊತ್ತಿಗೆ 10 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಯಾರೂ ಕೈಹಾಕದಿದ್ದಲ್ಲಿ ಬಿಗಿತ ಮೂರು ಪಟ್ಟಾಗುತ್ತದೆ. ಆದ್ದರಿಂದ ನೇಕಾರ ಆಗಾಗ ತೂಕವನ್ನು ಸನ್ನೆಯ ಮೇಲೆ ಆನಿಕೆಯ ಕಡೆಗೆ ಸರಿಸಬೇಕು.

ಎರಡನೆಯದು ಘರ್ಷಣೆಯ ಚಂಚಲತೆ. ದುಂಡು ಕಂಬಕ್ಕೆ ಸುತ್ತಿದ ಹಗ್ಗದ ಎರಡು ತುದಿಗಳ ಎಳೆತದ ಅನುಪಾತ ಸುತ್ತಿನ ಕೋನ ಮತ್ತು ಘರ್ಷಣಾಂಕಗಳ ಗುಣಲಬ್ಧದೊಂದಿಗೆ ಘಾತೀಯವಾಗಿ ಬೆಳೆಯುತ್ತದೆ. ಇದು ಆಯ್ಲರ್–ಐಟೆಲ್‌ವೈನ್ ಸೂತ್ರ. ಘರ್ಷಣಾಂಕ 0.25 ಇದ್ದರೆ ಒಂದು ಸುತ್ತಿಗೆ ಈ ಅನುಪಾತ 4.8, ಎರಡು ಸುತ್ತಿಗೆ 23. ಹಗ್ಗದ ಯಾವ ತುದಿಗೆ ತೂಕ ತೂಗುತ್ತಾರೆ ಎಂಬುದು ಇಲ್ಲಿ ನಿರ್ಣಾಯಕ. ಸಡಿಲ ತುದಿಗೆ ತೂಕ ತೂಗಿದ ಒಂದು ಸುತ್ತಿನ ಹಗ್ಗದಲ್ಲಿ ಘರ್ಷಣಾಂಕ 0.25ರಿಂದ 0.30ಕ್ಕೆ ಏರಿದರೆ ತಡೆ ಶೇ 47ರಷ್ಟು ಹೆಚ್ಚುತ್ತದೆ. ಬಿಗಿ ತುದಿಗೆ ತೂಗಿದ್ದರೆ ಅದೇ ಏರಿಕೆಯಿಂದ ಹೆಚ್ಚುವುದು ಶೇ 7 ಮಾತ್ರ. ಈ ಎರಡನೆಯ ಜೋಡಣೆಯಲ್ಲಿ ತೂಕ ಕೊಂಚ ಮೇಲೆದ್ದ ಕೂಡಲೇ ಇನ್ನೊಂದು ತುದಿ ಸಡಿಲಾಗಿ ಹಗ್ಗ ಜಾರುತ್ತದೆ, ಹೀಗೆ ವ್ಯವಸ್ಥೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಮಳೆಗಾಲದ ತೇವ, ಹಗ್ಗಕ್ಕೆ ತಗುಲಿದ ಎಣ್ಣೆ, ಸವೆದ ಬೀಮು ಇವೆಲ್ಲ ಘರ್ಷಣಾಂಕವನ್ನು ಬದಲಿಸುವಂಥವು. ಆದ್ದರಿಂದ ಜೋಡಣೆಯ ಈ ವ್ಯತ್ಯಾಸದ ಪರಿಣಾಮ ಬಟ್ಟೆಯಲ್ಲಿ ಕಾಣಿಸಿಕೊಳ್ಳಬಹುದು.

ಚಾಲಿತ ಮತ್ತು ಎಲೆಕ್ಟ್ರಾನಿಕ್ ವ್ಯವಸ್ಥೆಗಳು

ಅಮೆರಿಕದ ಡ್ರೇಪರ್ ಕಂಪನಿ 1894ರಲ್ಲಿ ಮಾರುಕಟ್ಟೆಗೆ ತಂದ ನಾರ್ತ್‌ರಾಪ್ ಮಗ್ಗದಲ್ಲಿ ಲಾಳಿಯಲ್ಲಿ ಬರಿದಾದ ನೂಲಿನ ಕಂಡಿಕೆ ತಾನಾಗಿ ಬದಲಾಗುತ್ತಿತ್ತು, ಹಾಸಿನ ಎಳೆ ಹರಿದರೆ ಮಗ್ಗ ತಾನಾಗಿ ನಿಲ್ಲುತ್ತಿತ್ತು. ಒಬ್ಬ ನೇಕಾರ ಹಲವಾರು ಮಗ್ಗಗಳನ್ನು ನೋಡಿಕೊಳ್ಳುವಂತಾದಾಗ ತೂಕ ಸರಿಸುತ್ತ ಓಡಾಡುವುದು ಸಾಧ್ಯವಾಗಲಿಲ್ಲ. ಬೀಮನ್ನು ಹಲ್ಲುಚಕ್ರದಿಂದ ತಿರುಗಿಸುವ ಚಾಲಿತ ವ್ಯವಸ್ಥೆಗಳು ಹರಡಲು ಇದು ಮುಖ್ಯ ಕಾರಣಗಳಲ್ಲೊಂದು ಎನ್ನಬಹುದು. ಇವುಗಳಲ್ಲಿ ಹಿಂಬದಿಯ ರೋಲರು ಸ್ಪ್ರಿಂಗಿನ ಮೇಲೆ ಕುಳಿತಿರುತ್ತದೆ. ಬಿಗಿತ ಏರಿದಾಗ ರೋಲರು ಕೆಳಗಿಳಿದು ಸನ್ನೆಯ ಮೂಲಕ ಬೀಮನ್ನು ಹೆಚ್ಚು ತಿರುಗಿಸುತ್ತದೆ, ಇಳಿದಾಗ ಕಡಿಮೆ. ಬಾರ್ಟ್‌ಲೆಟ್ ಮಾದರಿ ಹಲ್ಲುಚಕ್ರ ಮತ್ತು ಕೊಕ್ಕೆಯಿಂದ ಈ ಕೆಲಸ ಮಾಡಿದರೆ, ಹಂಟ್ ಮಾದರಿ ವ್ಯಾಸ ಬದಲಾಗುವ ಪುಲ್ಲಿಗಳಿಂದ ಮಾಡುತ್ತದೆ.

ಇಲ್ಲಿ ಬೇಕಾದ ನಿಖರತೆ ಸಣ್ಣದಲ್ಲ. ಸೆಂಟಿಮೀಟರಿಗೆ 20 ಹೊಕ್ಕಿನ ಬಟ್ಟೆಯಲ್ಲಿ ಪ್ರತಿ ಹೊಕ್ಕಿಗೆ ಅರ್ಧ ಮಿಲಿಮೀಟರ್ ಬಟ್ಟೆ ಮುಂದೆ ಸರಿಯುತ್ತದೆ. ಹೊಕ್ಕಿನ ಮೇಲೆ ಕೆಳಗೆ ಬಳುಕುವುದಕ್ಕೆ ಹಾಸು ಶೇ 8ರಷ್ಟು ಹೆಚ್ಚು ಬೇಕೆಂದರೆ ಬೀಮು ಬಿಡಬೇಕಾದದ್ದು 0.54 ಮಿಲಿಮೀಟರ್. ಮೇಲಿನ ಉದಾಹರಣೆಯ ತುಂಬಿದ ಬೀಮು ಇದಕ್ಕಾಗಿ ಸುಮಾರು 0.1 ಡಿಗ್ರಿ ತಿರುಗಬೇಕು, ಬರಿದಾಗುತ್ತ ಬಂದದ್ದು 0.3 ಡಿಗ್ರಿ. ಎಲೆಕ್ಟ್ರಾನಿಕ್ ವ್ಯವಸ್ಥೆಯಲ್ಲಿ ಲೋಡ್ ಸೆಲ್ಲಿನ ಸಂಕೇತವನ್ನು ನಿಯಂತ್ರಕವು ನಿಗದಿತ ಬಿಗಿತದೊಂದಿಗೆ ಹೋಲಿಸಿ ಸರ್ವೊ ಮೋಟಾರಿನ ವೇಗವನ್ನು ತಿದ್ದುತ್ತದೆ. ಬಟ್ಟೆ ಸುತ್ತುವುದಕ್ಕೂ ಪ್ರತ್ಯೇಕ ಮೋಟಾರು ಇದ್ದಾಗ ಎರಡನ್ನೂ ಒಟ್ಟಿಗೆ ಆಡಿಸಬಹುದು.

ಒಂದು ಹೊಕ್ಕಿನೊಳಗಿನ ಏರಿಳಿತ

ಸರಾಸರಿ ಬಿಗಿತ ಸ್ಥಿರವಾಗಿದ್ದರೂ ಪ್ರತಿ ಹೊಕ್ಕಿನಲ್ಲಿ ಅದು ಎರಡು ಸಲ ಜಿಗಿಯುತ್ತದೆ: ಹಾಸಿನ ಬಾಯಿ ತೆರೆದಾಗ ಮತ್ತು ಹೊಕ್ಕನ್ನು ಗಡಿಗೆ ಒತ್ತುವ ಬಾಚಣಿಗೆಯಂಥ ಹಣಿಗೆ ಬಡಿದಾಗ. ಬಾಯಿ ತೆರೆಯುವಾಗ ಎಳೆ 4 ಸೆಂಟಿಮೀಟರ್ ಮೇಲೆದ್ದು, ಅದರ ಮುಂದಿನ ಭಾಗ 16 ಮತ್ತು ಹಿಂದಿನ ಭಾಗ 40 ಸೆಂಟಿಮೀಟರ್ ಇದ್ದರೆ, ಎಳೆ ಸುಮಾರು 7 ಮಿಲಿಮೀಟರ್ ಹಿಗ್ಗಬೇಕಾಗುತ್ತದೆ. ಬೀಮಿನಿಂದ ನೇಯ್ಗೆಯ ಗಡಿಯವರೆಗಿನ 140 ಸೆಂಟಿಮೀಟರ್ ಉದ್ದಕ್ಕೆ ಹಂಚಿದರೆ ಇದು ಶೇ 0.5. ಗಂಜಿ ಹಾಕಿದ ಹತ್ತಿ ನೂಲು ಹರಿಯುವ ಮೊದಲು ಶೇ 4ರಿಂದ 6ರಷ್ಟು ಮಾತ್ರ ಹಿಗ್ಗಬಲ್ಲದು. ಒಂದೇ ಎಳೆ ಸಾವಿರಾರು ಸಲ ಹೀಗೆ ಹಿಗ್ಗಿ ಕುಗ್ಗಬೇಕಾದ್ದರಿಂದ ಶೇ 0.5 ಅಲ್ಪವೇನಲ್ಲ. ಬಾಯಿ ಎತ್ತರವಾದಂತೆ ಹಿಗ್ಗುವಿಕೆ ಅದರ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಬಾಯಿ ತೆರೆದಾಗ ಮುಂದಕ್ಕೂ ಮುಚ್ಚಿದಾಗ ಹಿಂದಕ್ಕೂ ತೂಗುವ ಹಿಂಬದಿಯ ರೋಲರು ಈ ಜಿಗಿತವನ್ನು ಭಾಗಶಃ ಹೀರಿಕೊಳ್ಳುತ್ತದೆ.

ಅದೇ ರೋಲರನ್ನು ಎತ್ತರಿಸಿದರೆ ಬಾಯಿಯ ಕೆಳಸಾಲು ಬಿಗಿಯಾಗಿ ಮೇಲ್ಸಾಲು ಸಡಿಲಾಗುತ್ತದೆ. ಒತ್ತಾದ ಹತ್ತಿ ಬಟ್ಟೆಗಳಲ್ಲಿ ಇದನ್ನು ಬೇಕೆಂದೇ ಮಾಡುತ್ತಾರೆ. ಸಡಿಲ ಎಳೆಗಳು ಪಕ್ಕಕ್ಕೆ ಹರಡಿ ಹಣಿಗೆಯ ಗುರುತು ಮುಚ್ಚಿಹೋಗುತ್ತದೆ, ಬಟ್ಟೆಯ ಮೈ ತುಂಬುತ್ತದೆ.

ಬಡಿತ ಮತ್ತು ನೇಯ್ಗೆಯ ಗಡಿ

ಬಿಗಿತಕ್ಕೂ ಬಟ್ಟೆಯ ಸಮತೆಗೂ ಇರುವ ಸಂಬಂಧವನ್ನು ಸ್ಪಷ್ಟಪಡಿಸಿದ್ದು ಗ್ರೀನ್‌ವುಡ್ ಮತ್ತು ಕೌಹಿಗ್ ಬ್ರಿಟನ್ನಿನಲ್ಲಿ 1956ರಲ್ಲಿ ಪ್ರಕಟಿಸಿದ ಅಧ್ಯಯನ. ಬಡಿತದ ಮುಂಚೆ ಗಡಿಯ ಒಂದು ಕಡೆಯ ಹಾಸು, ಇನ್ನೊಂದು ಕಡೆಯ ಬಟ್ಟೆ ಎರಡರಲ್ಲೂ ಎಳೆತ ಸಮ. ಹಣಿಗೆ ಹೊಸ ಹೊಕ್ಕನ್ನು ಒತ್ತಿದಾಗ ಗಡಿ ಕೊಂಚ ಮುಂದಕ್ಕೆ, ನೇಕಾರನ ಕಡೆಗೆ, ತಳ್ಳಲ್ಪಡುತ್ತದೆ. ಹಾಸು ಹಿಗ್ಗಿ ಬಿಗಿಯಾಗುತ್ತದೆ, ಬಟ್ಟೆ ಸಡಿಲಾಗುತ್ತದೆ. ಈ ಎರಡು ಎಳೆತಗಳ ವ್ಯತ್ಯಾಸವೇ ಹೊಕ್ಕನ್ನು ಒಳಕ್ಕೆ ಒತ್ತುವ ಬಲ. ಅಂದರೆ ಬಡಿತದ ಬಲ ಗಡಿ ಸರಿದ ದೂರಕ್ಕೂ ಹಾಸು ಮತ್ತು ಬಟ್ಟೆಗಳ ಪೆಡಸುತನದ (ಹಿಗ್ಗದಂತೆ ಒಡ್ಡುವ ತಡೆಯ) ಮೊತ್ತಕ್ಕೂ ಅನುಪಾತದಲ್ಲಿರುತ್ತದೆ.

ಇದರಿಂದ ಕನಿಷ್ಠ ಬಿಗಿತವೂ ಗೊತ್ತಾಗುತ್ತದೆ. ಗಡಿ ಮುಂದೆ ಸರಿದಾಗ ಬಟ್ಟೆಯ ಎಳೆತ ಸೊನ್ನೆಗೆ ಇಳಿದರೆ ಬಟ್ಟೆ ಜೋಲುಬಿದ್ದು, ಹಣಿಗೆ ಪ್ರತಿ ಬಡಿತದಲ್ಲೂ ಗಡಿಯನ್ನು ಗುದ್ದಿದಂತಾಗುತ್ತದೆ. ಬಟ್ಟೆಯ ಪೆಡಸುತನ ಹಾಸಿನದಕ್ಕಿಂತ ಮೂರು ಪಟ್ಟು ಇದ್ದಲ್ಲಿ, ಈ ಸ್ಥಿತಿಯನ್ನು ತಪ್ಪಿಸಲು ಆರಂಭದ ಎಳೆತ ಬಡಿತದ ಬಲದ ಮುಕ್ಕಾಲು ಭಾಗಕ್ಕಿಂತ ಹೆಚ್ಚಿರಬೇಕು. ಹೊಕ್ಕು ಒತ್ತಾದಷ್ಟೂ ಹಾಸನ್ನು ಬಿಗಿಯಾಗಿ ಹೂಡಬೇಕೆಂಬ ಮಗ್ಗದವರ ಅನುಭವಕ್ಕೆ ಆಧಾರ ಇದೇ.

ಸ್ಥಿರವಾಗಿ ಓಡುವ ಮಗ್ಗದಲ್ಲಿ ಗಡಿ ತನ್ನ ಜಾಗವನ್ನು ತಾನೇ ಕಂಡುಕೊಳ್ಳುತ್ತದೆ. ಹೊಕ್ಕಿನ ಅಂತರವನ್ನು ನಿಗದಿ ಮಾಡುವುದು ಬಟ್ಟೆ ಸುತ್ತುವ ವೇಗ. ಆದರೆ ಗಡಿ ಯಾವುದೋ ಕಾರಣಕ್ಕೆ ಸ್ಥಳ ಬದಲಿಸಿದರೆ ಸರಿಹೋಗಲು ಹಲವು ಹೊಕ್ಕುಗಳು ಬೇಕು. ಅಷ್ಟರಲ್ಲಿ ಬಟ್ಟೆಯ ಮೇಲೆ ಅಡ್ಡಪಟ್ಟೆ ಮೂಡಿರುತ್ತದೆ. ಮಗ್ಗ ನಿಂತು ಮತ್ತೆ ಹೊರಟ ಜಾಗದಲ್ಲಿ ಈ ಪಟ್ಟೆ ಸಾಮಾನ್ಯ. ಇದಕ್ಕೆ ಎರಡು ಕಾರಣಗಳು ಕೂಡಿಬರುತ್ತವೆ. ನಿಂತಿರುವಾಗ ಎಳೆದು ಹಿಡಿದ ನೂಲು ಮತ್ತು ಬಟ್ಟೆ ನಿಧಾನವಾಗಿ ಸಡಿಲಗೊಂಡು ಗಡಿ ಕದಲುತ್ತದೆ. ಹೊರಟ ಮೊದಲ ಹೊಕ್ಕಿನಲ್ಲಿ ಯಂತ್ರ ಪೂರ್ಣ ವೇಗಕ್ಕೆ ಬಂದಿರುವುದಿಲ್ಲವಾದ್ದರಿಂದ ಬಡಿತ ಮೆದುವಾಗಿರುತ್ತದೆ. ಎಲೆಕ್ಟ್ರಾನಿಕ್ ಮಗ್ಗಗಳು ನಿಂತ ಅವಧಿಯನ್ನು ಲೆಕ್ಕಹಾಕಿ, ಹೊರಡುವ ಮುನ್ನ ಬೀಮನ್ನೂ ಬಟ್ಟೆಯ ರೋಲರನ್ನೂ ಮುಂದಕ್ಕೋ ಹಿಂದಕ್ಕೋ ತುಸು ತಿರುಗಿಸಿ ಗಡಿಯನ್ನು ಸ್ವಸ್ಥಾನಕ್ಕೆ ತರುತ್ತವೆ. ಎಷ್ಟು ತಿರುಗಿಸಬೇಕು ಎಂಬುದನ್ನು ಈಗಲೂ ಆಯಾ ಬಟ್ಟೆಯ ಮೇಲೆ ಪ್ರಯೋಗ ಮಾಡಿಯೇ ಗೊತ್ತುಮಾಡುವುದು ವಾಡಿಕೆ.

ಹೊಕ್ಕಿನ ಬಿಗಿತ

ಹೊಕ್ಕಿಗೆ ಬಿಗಿತ ಕೊಡುವ ಸಾಧನಗಳು ಎರಡು ಬಗೆ. ಎರಡು ತಟ್ಟೆಗಳ ನಡುವೆ ನೂಲನ್ನು ಅದುಮುವ ಬಗೆಯಲ್ಲಿ ಬರುವ ಬಿಗಿತಕ್ಕೆ ಒಂದು ನಿಶ್ಚಿತ ಮೊತ್ತ ಕೂಡುತ್ತದೆ. ಕಂಬಗಳ ಸುತ್ತ ಬಾಗಿಸುವ ಬಗೆಯಲ್ಲಿ ಬರುವ ಬಿಗಿತ ಒಂದು ಅಂಕಿಯಿಂದ ಗುಣಿತವಾಗುತ್ತದೆ. ಬರುವ ಬಿಗಿತ 2ರಿಂದ 4 ಸೆಂಟಿನ್ಯೂಟನ್ ನಡುವೆ ಏರಿಳಿದರೆ, 10 ಕೂಡಿಸುವ ತಟ್ಟೆಗಳಿಂದ ಹೊರಬರುವುದು 12ರಿಂದ 14. ನಾಲ್ಕರಿಂದ ಗುಣಿಸುವ ಕಂಬಗಳಿಂದ 8ರಿಂದ 16. ಏರಿಳಿತವನ್ನು ಹಿಗ್ಗಿಸದಿರುವುದು ತಟ್ಟೆಗಳ ಗುಣ.

ಲಾಳಿಯಲ್ಲಿ ಕಂಡಿಕೆಯಿಂದ ನೂಲು ಬಿಚ್ಚಿಕೊಳ್ಳುವ ಬಿಗಿತವನ್ನು ತುಪ್ಪಳದ ಅಸ್ತರಿ ಅಥವಾ ಕೂದಲಿನ ಕುಚ್ಚು ಹತೋಟಿಯಲ್ಲಿಡುತ್ತದೆ. ಲಾಳಿಯಿಲ್ಲದ ಯಂತ್ರಗಳಲ್ಲಿ ದೊಡ್ಡ ಕೋನಿನಿಂದ ನೂಲನ್ನು ಮೊದಲು ಒಂದು ಡ್ರಮ್ಮಿನ ಮೇಲೆ ಸುತ್ತಿಟ್ಟು, ಅಲ್ಲಿಂದ ಎಳೆದುಕೊಳ್ಳುತ್ತಾರೆ. ಇದರಿಂದ ಕೋನಿನ ಏರುಪೇರು ಬಟ್ಟೆಯವರೆಗೆ ತಲಪುವುದಿಲ್ಲ. ಸುಲ್ಜರ್ ಮಾದರಿಯಲ್ಲಿ 40 ಗ್ರಾಂ ತೂಕದ ಪ್ರಕ್ಷೇಪಕ ಹೊಕ್ಕನ್ನು ಕೊಂಡೊಯ್ಯುವಾಗ ಬ್ರೇಕು ಮತ್ತು ಏರಿಳಿಯುವ ಸನ್ನೆ ಸೇರಿ ನೂಲು ಜೋಲದಂತೆ ನೋಡಿಕೊಳ್ಳುತ್ತವೆ. ಗಾಳಿಯಿಂದ ಹೊಕ್ಕು ಹಾಯಿಸುವ ಯಂತ್ರಗಳಲ್ಲಿ ಹಾರುತ್ತಿರುವ ನೂಲನ್ನು ಮೊಳೆಯೊಂದು ಥಟ್ಟನೆ ತಡೆಯುವ ಕೊನೆಯ ಕ್ಷಣದಲ್ಲಿ ಬಿಗಿತ ಶಿಖರ ಮುಟ್ಟುತ್ತದೆ. ಅದಕ್ಕೆ ತುಸು ಮುಂಚೆ ನೂಲಿನ ವೇಗವನ್ನು ತಗ್ಗಿಸುವ ಬ್ರೇಕನ್ನು ಅಳವಡಿಸಿರುತ್ತಾರೆ.

ಹೆಚ್ಚು ಹುರಿ ಹಾಕಿದ ನೂಲಿನಲ್ಲಿ ಈ ನಿಯಂತ್ರಣ ಇನ್ನೂ ಕಠಿಣ. 1912ರಲ್ಲಿ ಆರಂಭವಾದ ಮೈಸೂರಿನ ಸರ್ಕಾರಿ ಕಾರ್ಖಾನೆಗೆ ಹೆಸರು ತಂದ ಕ್ರೇಪ್ ರೇಷ್ಮೆಯ ಹೊಕ್ಕು ಇಂಥದ್ದು. ಬಿಗಿತ ಕ್ಷಣಕಾಲ ಕಳೆದುಹೋದರೂ ಎಳೆ ತನ್ನ ಸುತ್ತ ತಾನೇ ತಿರುಚಿಕೊಂಡು ಗುಂಜು ಕಟ್ಟುತ್ತದೆ.

ಬಿಗಿತದ ವ್ಯತ್ಯಾಸವನ್ನು ಬಳಸುವ ಬಟ್ಟೆಗಳು

ಟರ್ಕಿ ಟವೆಲಿನ ಮಗ್ಗದಲ್ಲಿ ಎರಡು ಬೀಮುಗಳಿರುತ್ತವೆ. ತಳದ ಹಾಸು ಬಿಗಿ, ಕುಣಿಕೆಯ ಹಾಸು ಸಡಿಲು. ಕೆಲವು ಹೊಕ್ಕುಗಳನ್ನು ಗಡಿಯಿಂದ ದೂರ ನಿಲ್ಲಿಸಿ ನಂತರ ಒಟ್ಟಿಗೆ ಬಡಿದಾಗ ಸಡಿಲ ಎಳೆ ಕುಣಿಕೆಯಾಗಿ ಮೇಲೇಳುತ್ತದೆ. ಸೀರ್‌ಸಕರ್ ಬಟ್ಟೆಯ ನೆರಿಗೆಪಟ್ಟೆಗಳೂ ಸಡಿಲ ಬೀಮಿನಿಂದಲೇ ಬರುತ್ತವೆ. ಅಂಚಿನ ಹೆಣಿಗೆ ಮೈಯ ಹೆಣಿಗೆಗಿಂತ ಬಹಳ ಭಿನ್ನವಾಗಿದ್ದರೆ, ನೂಲಿನ ಬಳಕೆ ಎರಡು ಕಡೆ ಬೇರೆಯಾಗುವುದರಿಂದ ಅಂಚಿಗೆ ಪ್ರತ್ಯೇಕ ಬೀಮು ಕೊಡುತ್ತಾರೆ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಮೈಯ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಕೊಂಡಿ ಹಾಕಿ ಉದ್ದಕ್ಕೆ ಜೋಡಿಸುವ ಪದ್ಧತಿಯಿದೆ. ಹೀಗೆ ಒಂದರ ಹಿಂದೊಂದು ಸೇರಿದ ಎಳೆಗಳಲ್ಲಿ ಎಳೆತ ಒಂದೇ ಆದರೂ, ನೂಲು ಬೇರೆಯಾದರೆ ಹಿಗ್ಗುವ ಪ್ರಮಾಣ ಬೇರೆಯಾಗುತ್ತದೆ.

ನಿಯಂತ್ರಣದ ಮಿತಿ

ಲೋಡ್ ಸೆಲ್ ಅಳೆಯುವುದು ಎಲ್ಲ ಎಳೆಗಳ ಒಟ್ಟು ಬಲವನ್ನು. ಸಾವಿರಾರು ಎಳೆಗಳಲ್ಲಿ ಕೆಲವು ಜೋಲುಬಿದ್ದಿದ್ದರೆ ಅದಕ್ಕೆ ತಿಳಿಯುವುದಿಲ್ಲ. ಎಳೆಯಿಂದ ಎಳೆಗಿರುವ ವ್ಯತ್ಯಾಸ ಹಾಸು ಹೂಡುವಾಗ ಮತ್ತು ಗಂಜಿ ಹಾಕುವಾಗ ಬೀಮಿನೊಳಗೆ ಸೇರಿಕೊಂಡದ್ದು. ಮಗ್ಗದ ಮೇಲೆ ಅದನ್ನು ತಿದ್ದಲಾಗದು. ಎಳೆ ಎಳೆಗೂ ತೊಡಿಸಿದ ಲೋಹದ ಪಟ್ಟಿ ನೂಲು ಹರಿದಾಗ ಬಿದ್ದು ಮಗ್ಗವನ್ನು ನಿಲ್ಲಿಸುತ್ತದೆ, ತೀರಾ ಸಡಿಲಾದ ಎಳೆಯನ್ನೂ ಹೀಗೆ ಪತ್ತೆ ಮಾಡಬಹುದು. ಆದರೆ ತುಸು ಸಡಿಲವಾದದ್ದು ಹಾಗೇ ದಾಟಿಹೋಗುತ್ತದೆ. ಎಲೆಕ್ಟ್ರಾನಿಕ್ ಮಗ್ಗಕ್ಕೂ ಹೂಡಿಕೆಯ ಹಂತದಲ್ಲಿ ಪ್ರತಿ ಕೋನಿನ ಬಿಗಿತ ಸರಿಸಮವಾಗಿರಬೇಕಾದ್ದು ಈ ಕಾರಣಕ್ಕೆ.